ವಿಮಾನ ಹತ್ತುವ ಮುಂಚಿನ ಅಂಜಿಕೆ: ಟಿಕೆಟ್ ಮಾಡಿದ ದಿನದಿಂದ ಇಳಿಯುವವರೆಗೆ

ಬಾಗಲಕೋಟೆಯಿಂದ ಬೆಳಗಾವಿಗೆ ಬರುವ ರಸ್ತೆಯಲ್ಲಿ, ಊರು ಇನ್ನೂ ಹತ್ತು ಕಿಲೋಮೀಟರ್ ಇದೆ ಅನ್ನುವಾಗ ಸಾಂಬ್ರಾ ಸಿಗುತ್ತದೆ. ಅಲ್ಲೇ ವಿಮಾನ ನಿಲ್ದಾಣ. ವರ್ಷಗಟ್ಟಲೆ ಬಸ್ಸಿನ ಕಿಟಕಿಯಿಂದ ಅದನ್ನು ನೋಡುತ್ತಾ ಓಡಾಡಿದವನು ನಾನು. ಒಳಗೆ ಹೋಗುವ ಪ್ರಸಂಗ ಬಂದಾಗ ಮಾತ್ರ ಮೂರು ದಿನ ಮುಂಚೆ ಟಿಕೆಟ್ ರದ್ದು ಮಾಡಿ, ರಾತ್ರಿ ಬಸ್ಸಿಗೆ ಬೆಂಗಳೂರಿಗೆ ಹೋದೆ. ವಿಮಾನದಲ್ಲಿ ಒಂದು ಗಂಟೆ ಚಿಲ್ಲರೆಯ ದಾರಿ. ಬಸ್ಸಿನಲ್ಲಿ ಹತ್ತು ಗಂಟೆ.

ರದ್ದು ಮಾಡಿದ ಕೂಡಲೇ ಎದೆ ಹಗುರಾಯಿತು. ಆ ಹಗುರವೇ ಮೋಸ ಅಂತ ಆಮೇಲೆ ಗೊತ್ತಾಯಿತು. ತಪ್ಪಿಸಿಕೊಂಡಾಗೆಲ್ಲ ಮಿದುಳು ಒಂದು ಪಾಠ ಕಲಿಯುತ್ತದೆ: "ನಿಜವಾಗಿಯೂ ಅಪಾಯ ಇತ್ತು, ತಪ್ಪಿಸಿಕೊಂಡಿದ್ದಕ್ಕೇ ಬದುಕಿದೆ." ಮುಂದಿನ ಸಲ ಅಂಜಿಕೆ ಡಬಲ್ ಆಗಿ ಬರುತ್ತದೆ. ನನಗೂ ಹಾಗೇ ಆಯಿತು. ಆದರೆ ಎರಡನೇ ಸಲ ಅವ್ವನನ್ನು ಕರೆದುಕೊಂಡು ಹೋಗಬೇಕಿತ್ತು, ರದ್ದು ಮಾಡುವ ದಾರಿ ಇರಲಿಲ್ಲ. ಎರಡು ವಾರ ತಯಾರಿ ಮಾಡಿಕೊಂಡೆ. ಆಗ ಮಾಡಿದ್ದು, ಆಮೇಲೆ ಪ್ರತಿ ಸಲ ಮಾಡುತ್ತಾ ಬಂದದ್ದು ಇಲ್ಲಿದೆ. ಅಂಜಿಕೆಯ ದೊಡ್ಡ ಪಾಲು ಇರುವುದು ಟಿಕೆಟ್ ಮಾಡಿದ ದಿನಕ್ಕೂ ವಿಮಾನ ಹತ್ತುವ ದಿನಕ್ಕೂ ನಡುವೆ. ಹಾಗಾಗಿ ಕೆಲಸವೂ ಅಲ್ಲೇ ಜಾಸ್ತಿ.

ಯಾವ ಅಂಜಿಕೆ ಅಂತ ಮೊದಲು ಹಿಡಿಯಿರಿ

"ನನಗೆ ವಿಮಾನ ಅಂದ್ರೆ ಭಯ" ಅಂದರೆ ಏನೂ ಹೇಳಿದಂತಾಗಲಿಲ್ಲ. ಒಂದು ನೋಟ್‌ಬುಕ್ ತೆಗೆದುಕೊಂಡು ಈ ಸಾಲನ್ನು ಪೂರ್ತಿ ಮಾಡಿ: "ಆಗ ಏನಾಗಬಹುದು ಅಂದರೆ..." ಒಬ್ಬರಿಗೆ ವಿಮಾನ ಬೀಳುತ್ತದೆ ಅನ್ನುವ ಭಯ. ಇನ್ನೊಬ್ಬರಿಗೆ ಬಾಗಿಲು ಮುಚ್ಚಿದ ಮೇಲೆ ಹೊರಗೆ ಬರಲಾಗುವುದಿಲ್ಲವಲ್ಲ ಅನ್ನುವುದು. ಮತ್ತೊಬ್ಬರಿಗೆ ಎತ್ತರ. ಕೆಲವರಿಗೆ ಇದ್ಯಾವುದೂ ಅಲ್ಲ, ಎಲ್ಲರ ಮುಂದೆ ಗಾಬರಿಯಾಗಿ ಮರ್ಯಾದೆ ಹೋದರೆ ಅನ್ನುವ ಚಿಂತೆ. ನನ್ನದು ಅದೇ ಆಗಿತ್ತು. ಬರೆದು ನೋಡುವವರೆಗೂ ನನಗೇ ಗೊತ್ತಿರಲಿಲ್ಲ.

ನಮ್ಮ ಕಡೆ ಮೊದಲ ಸಲ ಹೋಗುವವರಲ್ಲಿ ಇನ್ನೊಂದು ಅಂಜಿಕೆ ಇದೆ. ಅದು ವಿಮಾನದ್ದಲ್ಲ, ವಿಮಾನ ನಿಲ್ದಾಣದ್ದು. ಎಲ್ಲಿ ಸಾಲು ನಿಲ್ಲಬೇಕು, ಇಂಗ್ಲಿಷ್‌ನಲ್ಲಿ ಕೇಳಿದರೆ ಏನು ಹೇಳಬೇಕು, ಬೆಲ್ಟ್ ಹಾಕಲು ಬರದಿದ್ದರೆ ಪಕ್ಕದವರು ನಗುತ್ತಾರೇನೋ. ಇದಕ್ಕೆ ಮದ್ದು ಬಲು ಸುಲಭ: ಮೊದಲೇ ತಿಳಿದುಕೊಳ್ಳುವುದು. ಅದನ್ನು ಮುಂದೆ ಹೇಳುತ್ತೇನೆ. ಅಂಕಿಸಂಖ್ಯೆಯಿಂದ ಮಾತ್ರ ಯಾವ ಅಂಜಿಕೆಯೂ ಹೋಗುವುದಿಲ್ಲ. 2022ರಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರು. ಇದು ಗೊತ್ತಿದ್ದೂ ನಾನು ಆ ರಾತ್ರಿ ಬಸ್ಸನ್ನೇ ಹತ್ತಿದೆ. ಅಂಜಿಕೆಗೆ ಲೆಕ್ಕ ಬರುವುದಿಲ್ಲ. ಅದಕ್ಕೆ ರೂಢಿ ಬೇಕು.

ಟಿಕೆಟ್ ಮಾಡುವಾಗಲೇ ಅರ್ಧ ಕೆಲಸ

ಆದಷ್ಟು ಬೆಳಗಿನ ವಿಮಾನ ಹಿಡಿಯಿರಿ. ಬಿಸಿಲೇರಿದಂತೆ ಕಾದ ನೆಲದಿಂದ ಬಿಸಿಗಾಳಿ ಮೇಲೇಳುತ್ತದೆ, ವಿಮಾನ ಕುಲುಕುತ್ತದೆ. ಮಾರ್ಚ್‌ನಿಂದ ಮೇ ತನಕ ಬಯಲುಸೀಮೆಯ ಮಧ್ಯಾಹ್ನ ಹೇಗಿರುತ್ತದೆ ಅಂತ ಬಾಗಲಕೋಟೆ, ವಿಜಯಪುರದವರಿಗೆ ಹೇಳಬೇಕಿಲ್ಲ. ಬೆಳಗಿನ ಹೊತ್ತಿನ ಇನ್ನೊಂದು ಲಾಭ, ಇಡೀ ದಿನ ಕೂತು ಚಿಂತೆ ಮಾಡಲು ವೇಳೆಯೇ ಸಿಗುವುದಿಲ್ಲ.

ಸೀಟು: ರೆಕ್ಕೆಯ ಹತ್ತಿರದ ಸಾಲುಗಳಲ್ಲಿ ಅಲುಗಾಟ ಕಡಿಮೆ, ತೀರಾ ಹಿಂದೆ ಜಾಸ್ತಿ. ಮಕ್ಕಳು ಏರಿಳಿದು ಆಡುವ ಸೀಸಾ ಹಲಗೆಯಲ್ಲಿ ನಡುವೆ ಕೂತವನಿಗೂ ತುದಿಗೆ ಕೂತವನಿಗೂ ಇರುವಷ್ಟೇ ವ್ಯತ್ಯಾಸ. ಉಸಿರು ಕಟ್ಟಿದಂತಾಗುವವರು ಓಡಾಡುವ ದಾರಿಯ ಪಕ್ಕದ ಸೀಟು ತೆಗೆದುಕೊಳ್ಳಿ. ಹೊರಗೆ ಕಾಣದಿದ್ದರೆ ಹೆದರುವವರು ಕಿಟಕಿ ಹಿಡಿಯಿರಿ. ಸಣ್ಣ ವಿಮಾನ ಅಂದರೆ ಕೆಲವರಿಗೆ ಸುಮ್ನೆ ದಿಗಿಲು. ಆದರೆ ಎಟಿಆರ್ 72 ಮತ್ತು ಎಂಬ್ರೇಯರ್ 175ರಲ್ಲಿ ಎರಡೂ ಕಡೆ ಎರಡೆರಡೇ ಸೀಟು. ಇಬ್ಬರ ನಡುವೆ ಸಿಕ್ಕಿಬೀಳುವ ಸೀಟೇ ಇರುವುದಿಲ್ಲ. ಯಾವ ವಿಮಾನ ಅಂತ ಸಾಮಾನ್ಯವಾಗಿ ಬುಕ್ ಮಾಡುವಾಗಲೇ ಕಾಣುತ್ತದೆ, ನೋಡಿಕೊಳ್ಳಿ.

ಎರಡು ವಾರ ಉಳಿದಾಗ

ಮೊದಲ ಕೆಲಸ, ಫೋನಿನಲ್ಲಿ ಅಪಘಾತದ ವಿಡಿಯೋ ನೋಡುವುದನ್ನು ನಿಲ್ಲಿಸುವುದು. 2025ರ ಜೂನ್ 12ರ ಅಹಮದಾಬಾದ್ ದುರಂತದ ನಂತರ ಎಷ್ಟೋ ಜನರಿಗೆ ಇದು ಚಟವೇ ಆಗಿದೆ. "ತಿಳಿದುಕೊಂಡರೆ ಒಳ್ಳೇದಲ್ವಾ" ಅನ್ನಿಸುತ್ತದೆ. ಒಂದು ನೋಡಿದರೆ ಫೋನು ಇನ್ನೂ ಹತ್ತು ತಂದು ಕೊಡುತ್ತದೆ. ವಿಮಾನ ಹತ್ತುವ ಹೊತ್ತಿಗೆ ಮನಸ್ಸಿನಲ್ಲಿ ಬಿದ್ದ ವಿಮಾನಗಳಷ್ಟೇ ಇರುತ್ತವೆ. ಆ ದಿನ ಸುರಕ್ಷಿತವಾಗಿ ಇಳಿದ ಸಾವಿರಾರು ವಿಮಾನಗಳ ವಿಡಿಯೋ ಯಾರೂ ಹಾಕುವುದಿಲ್ಲ.

ಎರಡನೆಯದು ಉಸಿರಾಟದ ರೂಢಿ. ಮೂಗಿನಿಂದ ನಾಲ್ಕು ಎಣಿಸುವವರೆಗೆ ಉಸಿರು ಒಳಗೆ, ಆರು ಎಣಿಸುವವರೆಗೆ ನಿಧಾನವಾಗಿ ಹೊರಗೆ. ಎದೆ ಉಬ್ಬಿಸಬೇಡಿ, ಹೊಟ್ಟೆ ಏಳಬೇಕು. ಅಂಗಾತ ಮಲಗಿ ಹೊಟ್ಟೆಯ ಮೇಲೆ ಒಂದು ಪುಸ್ತಕ ಇಟ್ಟುಕೊಂಡರೆ ಸರಿಯಾಗುತ್ತಿದೆಯೋ ಇಲ್ಲವೋ ಗೊತ್ತಾಗುತ್ತದೆ. ಬೆಳಿಗ್ಗೆ ಹತ್ತು ನಿಮಿಷ, ರಾತ್ರಿ ಹತ್ತು ನಿಮಿಷ. ಉಸಿರು ಬಿಡುವುದು ಉದ್ದವಾದಾಗ ಎದೆಬಡಿತ ತಾನಾಗಿ ಇಳಿಯುತ್ತದೆ. ಆದರೆ ಇದನ್ನು ವಿಮಾನದಲ್ಲೇ ಮೊದಲ ಸಲ ಮಾಡಲು ಹೋದರೆ ಕೆಲಸ ಮಾಡುವುದಿಲ್ಲ. ಬಾವಿಗೆ ಬಿದ್ದ ಮೇಲೆ ಈಜು ಕಲಿಯುತ್ತೇನೆ ಅಂದಂತೆ ಅದು. ಆರಾಮಾಗಿದ್ದಾಗ ರೂಢಿ ಮಾಡಿಕೊಳ್ಳಬೇಕು.

ಮೂರನೆಯದು ನನಗೆ ಎಲ್ಲಕ್ಕಿಂತ ಜಾಸ್ತಿ ಉಪಯೋಗಕ್ಕೆ ಬಂದದ್ದು. ಚಿಂತೆಗೆ ಒಂದು ವೇಳೆ ಗೊತ್ತು ಮಾಡಿ. ನನ್ನದು ಸಂಜೆ ಆರರಿಂದ ಆರೂ ಇಪ್ಪತ್ತು. ಬೆಳಿಗ್ಗೆ ಹಲ್ಲುಜ್ಜುವಾಗ "ರೆಕ್ಕೆ ಮುರಿದರೆ?" ಅಂತ ಬಂತು ಅನ್ನಿ. ಜಗಳಾಡಬೇಡಿ, ಸಮಾಧಾನವನ್ನೂ ಹೇಳಬೇಡಿ. ನೋಟ್‌ಬುಕ್ಕಿನಲ್ಲಿ ಬರೆದು "ಆರು ಗಂಟೆಗೆ ಬಾ" ಅಂದುಬಿಡಿ. ಆರಕ್ಕೆ ಕೂತು ಆ ಪಟ್ಟಿ ಓದಿ, ಬೇಕಾದಷ್ಟು ಚಿಂತೆ ಮಾಡಿ. ಮೊದಲ ಮೂರು ದಿನ ಇಪ್ಪತ್ತು ನಿಮಿಷ ಸಾಲಲಿಲ್ಲ. ಎರಡನೇ ವಾರಕ್ಕೆ ಎಂಟು ನಿಮಿಷಕ್ಕೆ ಬೇಜಾರು ಬಂದು ಎದ್ದು ಚಹಾ ಮಾಡಿಕೊಂಡೆ. ಅದೇ ಚಿಂತೆಯನ್ನು ಎಷ್ಟು ಸಲ ಅಂತ ಓದುವುದು?

ಇದರ ಜೊತೆಗೆ ಅಂಜಿಕೆಯ ಹತ್ತಿರ ಒಂದೊಂದೇ ಹೆಜ್ಜೆ ಹೋಗಬೇಕು. ಮೊದಲ ದಿನ ವಿಮಾನದ ಫೋಟೋ. ಆಮೇಲೆ ವಿಮಾನದ ಒಳಗಿನ ಸದ್ದಿನ ರೆಕಾರ್ಡಿಂಗ್ ಕಿವಿಗೆ ಹಾಕಿಕೊಂಡು ಹದಿನೈದು ನಿಮಿಷ. ಆಮೇಲೆ ಪ್ರಯಾಣಿಕರ ಸೀಟಿನಿಂದಲೇ ತೆಗೆದ, ಏರುವ ಇಳಿಯುವ ಪೂರ್ತಿ ವಿಡಿಯೋ. ಬೆಳಗಾವಿಯವರಾದರೆ ಒಂದು ಸಂಜೆ ಸಾಂಬ್ರಾ ಕಡೆ ಹೋಗಿ ಬನ್ನಿ. ರಸ್ತೆಬದಿ ಚಹಾ ಕುಡಿಯುತ್ತಾ ವಿಮಾನ ಬರುವುದು ಹೋಗುವುದು ನೋಡಿ. ಆ ನಿಲ್ದಾಣ 1942ರದ್ದು, ಎರಡನೇ ಮಹಾಯುದ್ಧದ ಹೊತ್ತಿನಲ್ಲಿ ಬ್ರಿಟಿಷರ ವಾಯುಪಡೆಗೆ ಅಂತ ಕಟ್ಟಿದ್ದು. ಪ್ರತಿ ಹೆಜ್ಜೆಯಲ್ಲೂ ಎದೆ ಢವಢವ ಅನ್ನುತ್ತದೆ. ಅದು ಅರ್ಧದಷ್ಟು ಇಳಿಯುವವರೆಗೆ ಅಲ್ಲೇ ಇರಿ. ಢವಢವದ ನಡುವೆ ಎದ್ದುಬಂದರೆ ಟಿಕೆಟ್ ರದ್ದು ಮಾಡಿದ್ದರದೇ ಸಣ್ಣ ರೂಪ ಅದು.

ಹಿಂದಿನ ದಿನ

ಬ್ಯಾಗನ್ನು ಮಧ್ಯಾಹ್ನವೇ ತುಂಬಿಡಿ. ದೇಶದೊಳಗಿನ ವಿಮಾನಗಳಲ್ಲಿ ಸಾಮಾನ್ಯವಾಗಿ ಕೈಚೀಲ 7 ಕಿಲೋ, ಕೌಂಟರ್‌ನಲ್ಲಿ ಕೊಡುವ ಬ್ಯಾಗು 15 ಕಿಲೋ. ನಿಮ್ಮ ಟಿಕೆಟ್‌ನಲ್ಲಿ ಎಷ್ಟಿದೆ ನೋಡಿಕೊಳ್ಳಿ. ಪವರ್ ಬ್ಯಾಂಕ್ ಕೈಚೀಲದಲ್ಲೇ ಇರಬೇಕು. ಚಾಕು, ಕತ್ತರಿ ಕೈಚೀಲದಲ್ಲಿ ಬೇಡ. ಬೆಂಕಿಪೆಟ್ಟಿಗೆ, ಲೈಟರ್ ಎಲ್ಲೂ ಬೇಡ. ಕುಂದಾ ಡಬ್ಬಿ, ಶೇಂಗಾ ಹೋಳಿಗೆ ಧಾರಾಳವಾಗಿ ಒಯ್ಯಬಹುದು.

ಹಿರಿಯರ ಎಲೆ ಅಡಿಕೆ ಸಂಚಿಯನ್ನು ಒಮ್ಮೆ ಬಿಚ್ಚಿ ನೋಡಿ. ಅವ್ವನ ಸಂಚಿಯಲ್ಲಿ ಅಡಕತ್ತರಿ ಇತ್ತು. ತಪಾಸಣೆಯಲ್ಲಿ ಸಿಕ್ಕಿತು. "ನಮ್ಮವ್ವನ ಕಾಲದ್ದರಿ ಅದು" ಅಂತ ಆಕೆ, "ಒಯ್ಯಂಗಿಲ್ಲಮ್ಮ" ಅಂತ ಅವರು. ಕೊನೆಗೆ ಬಿಟ್ಟು ಬರಲು ಬಂದಿದ್ದ ಕಾಕಾನ ಕೈಗೆ ಕೊಟ್ಟು ಬರಲು ಹೊರಗೆ ಓಡಬೇಕಾಯಿತು. ಆ ಗದ್ದಲದಲ್ಲಿ ನನ್ನ ಅಂಜಿಕೆ ಅರ್ಧ ಗಂಟೆ ಮರೆತೇ ಹೋಗಿತ್ತು, ಅದೊಂದು ಲಾಭ.

ರಾತ್ರಿ ನಿದ್ದೆ ಬರದಿದ್ದರೆ ಬರದಿರಲಿ. ಒಂದು ರಾತ್ರಿ ನಿದ್ದೆಗೆಟ್ಟರೆ ವಿಮಾನದಲ್ಲಿ ಕೂರಲು ಏನೂ ಅಡ್ಡಿಯಿಲ್ಲ, ಓಡಿಸುವವರು ನೀವಲ್ಲವಲ್ಲ.

ನಿಲ್ದಾಣದಲ್ಲಿ

ಎರಡು ಗಂಟೆ ಮುಂಚೆ ತಲುಪಿ. ಬಾಗಲಕೋಟೆಯಿಂದ ಲೋಕಾಪುರ, ಯರಗಟ್ಟಿ ಮೇಲೆ ಬರುವವರು ಕಬ್ಬಿನ ಹಂಗಾಮಿನಲ್ಲಿ ಇನ್ನೂ ಒಂದು ಗಂಟೆ ಜಾಸ್ತಿ ಇಟ್ಟುಕೊಳ್ಳಿ. ಟ್ರ್ಯಾಕ್ಟರ್ ಹಿಂದೆ ಸಿಕ್ಕಿಕೊಂಡು ಗಡಿಯಾರ ನೋಡುತ್ತಾ ಕೂತರೆ, ಆ ಧಾವಂತವನ್ನೇ ಮನಸ್ಸು ವಿಮಾನದ ಭಯ ಅಂತ ತಿಳಿದುಕೊಳ್ಳುತ್ತದೆ.

ಬಾಗಿಲಲ್ಲಿ ಟಿಕೆಟ್ ಮತ್ತು ಆಧಾರ್‌ನಂಥ ಗುರುತಿನ ಚೀಟಿ ತೋರಿಸುವುದು. ಕೌಂಟರ್‌ನಲ್ಲಿ ದೊಡ್ಡ ಬ್ಯಾಗ್ ಕೊಟ್ಟು ಬೋರ್ಡಿಂಗ್ ಪಾಸ್, ಅಂದರೆ ವಿಮಾನ ಹತ್ತುವ ಚೀಟಿ, ತೆಗೆದುಕೊಳ್ಳುವುದು. ತಪಾಸಣೆಯಲ್ಲಿ ಫೋನು, ಪರ್ಸು ಟ್ರೇಗೆ ಹಾಕಿ ಒಳಗೆ ಹೋಗುವುದು, ಆಮೇಲೆ ಗೇಟಿನ ಹತ್ತಿರ ಕೂರುವುದು. ಇಷ್ಟೇ. ತಿಳಿಯದಿದ್ದರೆ ಕನ್ನಡದಲ್ಲೇ ಕೇಳಿ. "ಮೊದಲ ಸಲ ಬಂದೀನ್ರಿ, ಎಲ್ಲಿ ಹೋಗಬೇಕು?" ಅಂದರೆ ಯಾರೂ ನಗುವುದಿಲ್ಲ. ನಾಚಿಕೆಯಿಂದ ಬಾಯಿ ಮುಚ್ಚಿಕೊಂಡರೆ ಕಷ್ಟ.

ಅವತ್ತು ಚಹಾ, ಕಾಫಿ ಕಡಿಮೆ ಮಾಡಿ. ಕೈ ನಡುಗುವುದು, ಎದೆ ಬಡಿಯುವುದು ಅದರಿಂದಲೂ ಆಗುತ್ತದೆ. ಧೈರ್ಯಕ್ಕೆ ಅಂತ ಒಂದು ಪೆಗ್ ಹಾಕಿಕೊಳ್ಳುವ ಯೋಚನೆ ಬಿಟ್ಟುಬಿಡಿ. ಅಮಲು ಇಳಿಯುವಾಗ ಗಾಬರಿ ಏರುತ್ತದೆ. ಬರಿ ಹೊಟ್ಟೆಯೂ ಬೇಡ, ಎರಡು ಇಡ್ಲಿ ಸಾಕು.

ಏರುವ ಮೊದಲ ಐದು ನಿಮಿಷ

ಇಲ್ಲಿ ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ಜನ ಹೆದರುವುದು ಹೆಚ್ಚಾಗಿ ಅರ್ಥವಾಗದ ಸದ್ದುಗಳಿಗೆ. ಮೊದಲೇ ಗೊತ್ತಿದ್ದರೆ ಅವು ಬಸ್ಸಿನ ಗೇರಿನ ಸದ್ದಿನಷ್ಟೇ.

ನಿಂತಲ್ಲೇ ಏರ್‌ಬಸ್ ವಿಮಾನದ ಹೊಟ್ಟೆಯೊಳಗಿಂದ ನಾಯಿ ಬೊಗಳಿದಂತೆ, ಗರಗಸ ಎಳೆದಂತೆ ಸದ್ದು ಬರಬಹುದು. ಅದು ಹೈಡ್ರಾಲಿಕ್ ಪಂಪು. ಎ.ಸಿ. ಕಿಂಡಿಯಿಂದ ಬಿಳಿ ಹೊಗೆಯಂತೆ ಬಂದರೆ, ಮಳೆಗಾಲದ ತೇವದ ಗಾಳಿ ತಣ್ಣಗಾಗಿ ಮಂಜಾಗಿದೆ ಅಷ್ಟೆ. ಓಡುದಾರಿಯ ತುದಿಯಲ್ಲಿ ಇಂಜಿನ್ ಒಮ್ಮೆಲೇ ಜೋರಾಗುತ್ತದೆ, ಬೆನ್ನು ಸೀಟಿಗೆ ಒತ್ತುತ್ತದೆ. ಸುಮಾರು ಅರ್ಧ ನಿಮಿಷದ ಓಟ. ಮೂಗು ಮೇಲೇಳುತ್ತದೆ. ಕೆಲವೇ ಸೆಕೆಂಡಿನಲ್ಲಿ ಕಾಲ ಕೆಳಗೆ ಧಡ್ ಅಂತ ಸದ್ದು: ಚಕ್ರ ಒಳಗೆ ಹೋದವು. ಇನ್ನೊಂದು ನಿಮಿಷದೊಳಗೆ ಇಂಜಿನ್ ಸದ್ದು ಇಳಿದು, ವಿಮಾನ ಕೆಳಗೆ ಜಾರಿದಂತೆ ಅನ್ನಿಸುತ್ತದೆ. ನನ್ನ ಕೈ ಸೀಟಿನ ತೋಳಿಗೆ ಅಂಟಿಕೊಂಡದ್ದು ಆಗಲೇ. ನಿಜ ಏನೆಂದರೆ ಏರುವಾಗ ಬೇಕಿದ್ದ ಪೂರ್ತಿ ಬಲ ಇನ್ನು ಬೇಡ ಅಂತ ಪೈಲಟ್ ಸ್ವಲ್ಪ ಕಡಿಮೆ ಮಾಡಿರುತ್ತಾರೆ. ವಿಮಾನ ಏರುತ್ತಲೇ ಇರುತ್ತದೆ. ಒಳಗಿವಿ ಮಾತ್ರ ಮೋಸ ಹೋಗುತ್ತದೆ. ಆಮೇಲೆ ರೆಕ್ಕೆಯಿಂದ ಗುಂಯ್ ಅನ್ನುವ ಮೋಟಾರ್ ಸದ್ದು, ಅದು ಫ್ಲ್ಯಾಪ್, ಅಂದರೆ ಏರುವಾಗ ರೆಕ್ಕೆಯ ಹಿಂಬದಿಗೆ ಚಾಚಿದ್ದ ಹಲಗೆ, ಒಳಗೆ ಸರಿಯುವುದು. ತಿರುಗುವಾಗ ಒಂದು ಕಡೆ ವಾಲುತ್ತದೆ, ಸೈಕಲ್ ತಿರುಗಿಸುವಾಗ ವಾಲುವುದಿಲ್ಲವೇ? ಟಿಣ್ ಅನ್ನುವ ಗಂಟೆ ಸಿಬ್ಬಂದಿಗೆ ಸೂಚನೆ, ಅಪಾಯದ ಗಂಟೆಯಲ್ಲ.

ನಾನು ಇದನ್ನೆಲ್ಲ ಒಂದು ಚೀಟಿಯಲ್ಲಿ ಬರೆದುಕೊಂಡಿದ್ದೆ. ಒಂದೊಂದು ಸದ್ದು ಬಂದಾಗ ಒಂದೊಂದಕ್ಕೆ ಪೆನ್ನಿನಿಂದ ಗುರುತು. ಅಕ್ಷರ ಹಾವಿನಂತೆ ಹರಿದಿತ್ತು. ಪಕ್ಕದಲ್ಲಿ ಅವ್ವ ಕಿಟಕಿಗೆ ಹಣೆ ಹಚ್ಚಿ ಕೂತಿದ್ದಳು. ಹೊಟ್ಟೆ ಜುಮ್ಮೆಂದು ಮೇಲೆದ್ದ ಆ ಗಳಿಗೆಯಲ್ಲೇ ತಿರುಗಿ, "ಪಂಚಮಿ ಜೋಕಾಲಿ ಆಡಿದಂಗ ಆತಲ್ಲೋ!" ಅಂದಳು. ನನಗೆ ಸಾವು ಅನ್ನಿಸಿದ್ದು ಆಕೆಗೆ ನಾಗರಪಂಚಮಿಯ ಜೋಕಾಲಿ. ಇಬ್ಬರ ಹೊಟ್ಟೆಯಲ್ಲಿ ಆದದ್ದು ಮಾತ್ರ ಒಂದೇ. ಅವತ್ತಿನಿಂದ ಆ ಜುಮ್ ಬಂದಾಗೆಲ್ಲ ನಾನು ಬೇವಿನ ಮರದ ಹಗ್ಗ ನೆನೆಯುತ್ತೇನೆ.

ಕುಲುಕಾಟ

ಗಾಳಿಯಲ್ಲೂ ಉಬ್ಬು ತಗ್ಗು ಇರುತ್ತದೆ. ಬಿಸಿಗಾಳಿ, ಮೋಡ, ಪಶ್ಚಿಮಘಟ್ಟದಂಥ ಗುಡ್ಡಸಾಲಿನ ಮೇಲೆ ಹಾದುಬಂದ ಗಾಳಿ, ಎಲ್ಲವೂ ಕುಲುಕಿಸುತ್ತವೆ. ಎಟಿಆರ್ ಥರದ ಫ್ಯಾನಿನ ವಿಮಾನ 25,000 ಅಡಿಗಿಂತ ಮೇಲೆ ಹೋಗುವುದಿಲ್ಲ. ಹಾಗಾಗಿ ಅದು ಮೋಡದ ನಡುವೆ ಹಾಯುವುದು ಜಾಸ್ತಿ. ನೂರಾರು ಅಡಿ ಬಿದ್ದೆವು ಅನ್ನಿಸಿದರೂ ಸಾಮಾನ್ಯ ಕುಲುಕಾಟದಲ್ಲಿ ಏರಿಳಿಯುವುದು ಕೆಲವೇ ಅಡಿ. ರೆಕ್ಕೆ ಬಾಗುತ್ತದೆ, ಬಾಗಲೆಂದೇ ಮಾಡಿದ್ದು ಅದು. ಹಾರಾಟದಲ್ಲಿ ಬರಬಹುದಾದ ಅತಿ ಹೆಚ್ಚಿನ ಭಾರ ಎಷ್ಟೋ, ಅದರ ಒಂದೂವರೆ ಪಟ್ಟು ತಡೆಯುವಂತೆ ವಿಮಾನ ಕಟ್ಟಬೇಕು ಅನ್ನುವುದು ನಿಯಮ. ಎರಡು ಇಂಜಿನ್‌ನಲ್ಲಿ ಒಂದು ನಿಂತರೂ ಇನ್ನೊಂದರಲ್ಲಿ ಹಾರಿ ಇಳಿಯಬಲ್ಲದು. ಎರಡೂ ನಿಂತರೂ ಕಲ್ಲಿನಂತೆ ಬೀಳುವುದಿಲ್ಲ: 35,000 ಅಡಿಯಿಂದ ದೊಡ್ಡ ವಿಮಾನ ತೇಲುತ್ತಾ 150 ಕಿಲೋಮೀಟರ್ ಹೋಗಬಲ್ಲದು. ಬೆಳಗಾವಿಯಿಂದ ಬಾಗಲಕೋಟೆ ದೂರ ಅಷ್ಟೇ ಅಲ್ವಾ?

ನೀವು ಮಾಡಬೇಕಾದದ್ದು ಒಂದೇ, ಬೆಲ್ಟ್ ಹಾಕಿಕೊಂಡಿರುವುದು. ಕುಲುಕಾಟದಲ್ಲಿ ಪೆಟ್ಟಾಗುವುದು ಹೆಚ್ಚಾಗಿ ಬೆಲ್ಟ್ ಇಲ್ಲದವರಿಗೆ. ಮೈ ಬಿಗಿಹಿಡಿದರೆ ಪ್ರತಿ ಹೊಡೆತ ಎಲುಬಿಗೆ ತಾಗುತ್ತದೆ. ಮೈ ಸಡಿಲ ಬಿಟ್ಟು ಅದರ ಜೊತೆ ಅಲುಗಿ, ಚೋರ್ಲಾ ಘಾಟಿನಲ್ಲಿ ಗೋವಾ ಬಸ್ಸು ಹತ್ತಿದವರಂತೆ.

ನಡುವೆ ಗಾಬರಿ ಉಕ್ಕಿದರೆ

ಎದೆ ಹಾರುತ್ತದೆ, ಬೆರಳು ಜುಮ್ಮೆನ್ನುತ್ತದೆ, ತಲೆ ಹಗುರಾಗುತ್ತದೆ. ಜುಮ್ಮೆನ್ನುವುದು ಜೋರಾಗಿ ಉಸಿರಾಡಿ ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಕಡಿಮೆಯಾದದ್ದಕ್ಕೆ. ಇಂಥ ಗಾಬರಿ ಸಾಮಾನ್ಯವಾಗಿ ಹತ್ತು ನಿಮಿಷದೊಳಗೆ ತುದಿ ಮುಟ್ಟಿ ಇಳಿಯುತ್ತದೆ. ಅದನ್ನು ಓಡಿಸಲು ಹೋಗಬೇಡಿ, ಗಡಿಯಾರ ನೋಡಿ. "10:42ಕ್ಕೆ ಶುರುವಾಯಿತು" ಅಂತ ಬರೆಯಿರಿ. ನಾಲ್ಕು ಒಳಗೆ, ಆರು ಹೊರಗೆ. ಆಮೇಲೆ ಕಣ್ಣಿಗೆ ಕಾಣುವ ಐದು ವಸ್ತು, ಮುಟ್ಟಬಹುದಾದ ನಾಲ್ಕು, ಕೇಳುವ ಮೂರು ಸದ್ದು, ಎರಡು ವಾಸನೆ, ಒಂದು ರುಚಿ ಹೆಸರಿಸಿ. ರುಚಿಗೆ ಜೇಬಿನಲ್ಲಿ ಪೆಪ್ಪರ್‌ಮಿಂಟ್ ಇರಲಿ.

ಮೇಲಿನ ಬಟನ್ ಒತ್ತಿ ಸಿಬ್ಬಂದಿಗೆ ಹೇಳುವುದರಲ್ಲಿ ಯಾವ ಅವಮಾನವೂ ಇಲ್ಲ. ಹತ್ತುವಾಗಲೇ "ನನಗೆ ಸ್ವಲ್ಪ ಅಂಜಿಕೆರಿ" ಅಂದುಬಿಟ್ಟರೆ ಇನ್ನೂ ಒಳ್ಳೆಯದು. ಮರ್ಯಾದೆ ಹೋಗುತ್ತದೆ ಅಂತ ಹೆದರಿದವನು ನಾನು. ಹಾಗೆ ಹೇಳಿದ ಮೇಲೆ ಮುಚ್ಚಿಡುವ ಕೆಲಸ ತಪ್ಪಿತು. ಆದರೆ ಎದೆನೋವು ತೋಳಿಗೆ, ದವಡೆಗೆ ಹರಿದರೆ, ಅಥವಾ ಮೊದಲೇ ಹೃದಯದ ತೊಂದರೆ ಇದ್ದರೆ ಗಾಬರಿ ಅಂತ ಸುಮ್ಮನಿರಬೇಡಿ, ತಕ್ಷಣ ಹೇಳಿ.

ಇಳಿಯುವಾಗ

ಕಿವಿ ಕಟ್ಟುತ್ತದೆ. ಉಗುಳು ನುಂಗಿ, ಆಕಳಿಸಿ, ಪೆಪ್ಪರ್‌ಮಿಂಟ್ ಚೀಪಿ. ಜೋರು ನೆಗಡಿ ಇದ್ದರೆ ಹೊರಡುವ ಮುಂಚೆ ಡಾಕ್ಟರಿಗೆ ತೋರಿಸಿ. ಚಕ್ರ ಹೊರಬರುವಾಗ ಮತ್ತೆ ಧಡ್, ಜೊತೆಗೆ ಗಾಳಿಯ ಭೋರ್ ಸದ್ದು. ಮಳೆಯಲ್ಲಿ ನೆಲ ಮುಟ್ಟುವುದು ಸ್ವಲ್ಪ ಗಟ್ಟಿಯಾಗಿಯೇ ಇರುತ್ತದೆ, ನೀರಿನ ಮೇಲೆ ಚಕ್ರ ಜಾರದಿರಲಿ ಅಂತ ಬೇಕೆಂದೇ ಹಾಗೆ ಇಳಿಸುತ್ತಾರೆ. ಆಷಾಢದ ಬೆಳಗಾವಿಯಲ್ಲಿ ಮೋಡ ನೆಲಕ್ಕೇ ಇಳಿದಿರುತ್ತದೆ. ಇಳಿಯುತ್ತಿದ್ದ ವಿಮಾನ ಮತ್ತೆ ಮೇಲೇರಿ ಸುತ್ತು ಹಾಕಬಹುದು, ಬೇರೆ ಊರಿಗೂ ಹೋಗಬಹುದು. ಅದು ಪೈಲಟ್‌ಗಳು ಮೊದಲೇ ರೂಢಿ ಮಾಡಿಕೊಂಡ ಕ್ರಮ. ಎಚ್ಚರದ ಗುರುತು ಅಂತ ತಿಳಿಯಿರಿ.

ಇಷ್ಟೆಲ್ಲ ಮಾಡಿಯೂ ಆಗದಿದ್ದರೆ

ಟಿಕೆಟ್ ನೆನಪಾದರೇ ಊಟ ಸೇರುವುದಿಲ್ಲ, ವಾರಗಟ್ಟಲೆ ನಿದ್ದೆಯಿಲ್ಲ ಅಂದರೆ ಮನೋವೈದ್ಯರನ್ನು ಕಾಣಿ. ಧಾರವಾಡದಲ್ಲಿ ಡಿಮ್ಹಾನ್ಸ್ ಅನ್ನುವ ಸರ್ಕಾರಿ ಮಾನಸಿಕ ಆರೋಗ್ಯ ಸಂಸ್ಥೆ ಇದೆ. 2022ರ ಅಕ್ಟೋಬರ್‌ನಲ್ಲಿ ಶುರುವಾದ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ 14416 ಒತ್ತಿದರೆ ಹಗಲು ರಾತ್ರಿ ಯಾವಾಗ ಬೇಕಾದರೂ, ಕನ್ನಡದಲ್ಲೇ, ದುಡ್ಡಿಲ್ಲದೆ ಮಾತಾಡಬಹುದು. ಈ ಭಯಕ್ಕೆ ಆಪ್ತಸಲಹೆ, ಮೆಟ್ಟಿಲುಮೆಟ್ಟಿಲಾಗಿ ರೂಢಿ ಮಾಡಿಸುವ ಚಿಕಿತ್ಸೆ ಚೆನ್ನಾಗಿ ಕೆಲಸ ಮಾಡುತ್ತದೆ. ಮಾತ್ರೆ ಬೇಕೋ ಬೇಡವೋ ವೈದ್ಯರೇ ಹೇಳಲಿ. ಪಕ್ಕದ ಮನೆಯವರು ಕೊಟ್ಟ ನಿದ್ದೆ ಮಾತ್ರೆ ನುಂಗಿ ವಿಮಾನ ಹತ್ತಬೇಡಿ. ಉಬ್ಬಸ ಇದ್ದವರಿಗೆ ಆಗದ ಮಾತ್ರೆಗಳಿವೆ, ಮದ್ಯದ ಜೊತೆ ಸೇರಿದರೆ ಉಸಿರಿಗೇ ತೊಂದರೆ ಕೊಡುವವೂ ಇವೆ.

ಇಳಿದ ದಿನವೇ ನೋಟ್‌ಬುಕ್ಕಿನಲ್ಲಿ ಎರಡು ಅಂಕಿ ಬರೆಯಿರಿ: ಅಂಜಿಕೆ ಹತ್ತಕ್ಕೆ ಎಷ್ಟಿರುತ್ತದೆ ಅಂತ ಅಂದುಕೊಂಡಿದ್ದಿರಿ, ನಿಜವಾಗಿ ಎಷ್ಟಿತ್ತು. ನನ್ನದು ಮೊದಲ ಸಲ ಒಂಬತ್ತು ಮತ್ತು ಏಳು. ವಾಪಸ್ ಬರುವಾಗ ಎಂಟು ಮತ್ತು ಐದು. ಮುಂದಿನ ಪ್ರಯಾಣ ಕೆಲವು ತಿಂಗಳೊಳಗೇ ಇರಲಿ, ಬಿಡುವು ಉದ್ದವಾದರೆ ಅಂಜಿಕೆ ಮತ್ತೆ ಬೆಳೆಯುತ್ತದೆ. ಮೊನ್ನೆ ದೀಪಾವಳಿಗೆ ಟಿಕೆಟ್ ಮಾಡುವಾಗ ಅವ್ವನನ್ನು ಕೇಳಿದೆ. "ಕಿಟಕಿ ನಂದು" ಅಂದಳು. ನಾನು ಈಗಲೂ ದಾರಿ ಪಕ್ಕದ ಸೀಟಿನವನೇ.